ಭಾವನ ಪೆಟ್ಟಿಗೆ, ಅಕ್ಕನ ಗಂಟಲು

ನಮ್ಮಕ್ಕನ ಗಂಟಲು ಹೋಯಿತು ಎಂದು ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹೇಳಿದ್ದು ಅವಳ ಗಂಡ, ನಮ್ಮ ಭಾವ.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಬೆಳಗಿನಿಂದ ಹೇಳುತ್ತಲೇ ಇರುತ್ತಾಳೆ. ಹಾರ್ನು, ಮಕ್ಕಳ ಅಳು, ಸೀಟಿನ ಜಗಳ, ಎಲ್ಲದರ ನಡುವೆ ಶೌಚಾಲಯದ ಒಳಗಿದ್ದವನೂ ಅವಳ ಮಾತು ಕೇಳಿ ಅರ್ಧಕ್ಕೇ ಎದ್ದು ಓಡಿಬಂದದ್ದುಂಟು. ಅಂಥವಳ ಗಂಟಲು ಹೋಯಿತಂತೆ!

ನಮ್ಮದು ಹವ್ಯಾಸಿ ಬ್ಯಾಂಡು. ಹೊಟ್ಟೆಪಾಡಿಗೆ ಎಲ್ಲರಿಗೂ ಬೇರೆ ಕೆಲಸವಿದೆ. ಭಾವ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುತ್ತಾರೆ, ಗಿಟಾರು ಅವರದು. ಡ್ರಮ್ಸು ಬಡಗಿ ಮಾಮನದು. ಆತ ಯಾರಿಗೂ ಮಾಮನಲ್ಲ, ಆದ್ದರಿಂದ ಎಲ್ಲರಿಗೂ ಮಾಮ. ನಾನು ಬಟ್ಟೆ ಹೊಲಿಯುತ್ತೇನೆ, ಕೀಬೋರ್ಡು ನುಡಿಸುತ್ತೇನೆ. ಹಾಡುವವಳು ಅಕ್ಕ. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಅಭ್ಯಾಸ. ಕೆಳಗಿನವರು ಬೈಯುತ್ತಾರೆಂದು ಅಲ್ಲಿ ಎಲ್ಲರೂ ಸದ್ದು ತಗ್ಗಿಸಿಕೊಂಡು ನುಡಿಸುತ್ತೇವೆ, ಅಕ್ಕನ ಹಾಡು ಜೇನಿನ ಹಾಗೆ ಇಳಿಯುತ್ತದೆ. ವೇದಿಕೆ ಹತ್ತಿದರೆ ಮಾತ್ರ ಬೈಯುವವರಿಲ್ಲ.

ಆಸ್ಪತ್ರೆಯ ಸಿಬ್ಬಂದಿ ಕೂಟದಲ್ಲಿ ನುಡಿಸಿದ ಮೇಲೆ ಒಬ್ಬ ನರ್ಸು ಬಂದು, "ಚೆನ್ನಾಗಿತ್ತು. ಆದ್ರೆ ಹಾಡಿದ್ದು ಯಾವ ಭಾಷೇಲಿ?" ಎಂದಳು. ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ವ್ಯಾನಿನಲ್ಲಿ ಹಿಂದಿರುಗುವಾಗ, ಮಾಮನ ಎದುರಿಗೆ, ನನ್ನ ಎದುರಿಗೆ, ಹೆಂಡತಿಯ ಪಕ್ಕದಲ್ಲೇ ಕೂತು ಹೇಳಿಬಿಟ್ಟರು:

"ಬೇಜಾರ್ ಮಾಡ್ಕೋಬೇಡ ಕಣೇ. ವಯಸ್ಸಾಯ್ತು, ನಿನ್ನ ಗಂಟಲು ಹೋಯ್ತು. ಬ್ಯಾಂಡು ಸುಧಾರಿಸಬೇಕು ಅಂದ್ರೆ ಹೊಸ ದನಿ ಬೇಕು."

ಅಕ್ಕ ಕಿಟಕಿಯಾಚೆ ನೋಡಿದಳು. ನಾನು ಬಾಯಿ ತೆರೆದರೆ ಅವಳೇ ನನ್ನ ತೊಡೆ ಚಿವುಟಿದಳು. ಈ ಮನುಷ್ಯನಿಗೆ ಗಿಟಾರಿನ ಮೊದಲ ತಂತಿಗಳನ್ನು ಕೊಡಿಸಿದವಳು ಯಾರು? ಮದುವೆಗೆ ಮುಂಚೆ ಅವರು ನುಡಿಸುತ್ತಿದ್ದ ಆ ಕೀರಲನ್ನು ಕಣ್ಣು ಮುಚ್ಚಿ, ನಗು ನುಂಗಿ ಕೇಳಿದವಳು ಯಾರು?

ವಾರದೊಳಗೆ ಹೊಸ ದನಿ ಬಂತು. ಭಾವನ ಜೊತೆ ಕೆಲಸ ಮಾಡುವವರ ತಂಗಿ, ಕಾಲೇಜು ಹುಡುಗಿ, ಪಾಪದ್ದು. ಮುಂದಿನ ಕಾರ್ಯಕ್ರಮ ಸಹಕಾರ ಬ್ಯಾಂಕಿನ ಸಭಾಂಗಣದಲ್ಲಿ. ಅದಕ್ಕೂ ಮುಂಚೆ ಒಂದು ಮಧ್ಯಾಹ್ನ ಅಲ್ಲೇ ನುಡಿಸಿ ನೋಡಲು ಹೋದೆವು. ಅಕ್ಕನೂ ವ್ಯಾನು ಹತ್ತಿದಳು.

"ನೀನ್ಯಾಕೆ ಬರ್ತೀಯಾ?" ಎಂದರು ಭಾವ.

"ವೈರು ಸುತ್ತೋದು ನಿಮ್ಮಲ್ಲಿ ಯಾರಿಗೆ ಬರುತ್ತೆ?"

ಅವಳು ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ನಾವು ಶುರು ಮಾಡಿದೆವು. ಹುಡುಗಿಯ ಬಾಯಿ ಅಗಲವಾಗಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು. ದನಿ ಮಾತ್ರ ಸಂತೆಯಲ್ಲಿ ಕಳೆದುಹೋದ ಮಗುವಿನ ಹಾಗೆ ಎಲ್ಲೋ ಅಳುತ್ತಿತ್ತು.

"ಸ್ವಲ್ಪ ಗಂಟಲು ಬಿಚ್ಚಮ್ಮ!" ಭಾವ ಕೂಗಿದರು.

"ಬಿಚ್ಚೇ ಇದೀನಿ ಅಂಕಲ್. ಇನ್ನೂ ಬಿಚ್ಚಿದ್ರೆ ಕರುಳು ಆಚೆ ಬರುತ್ತೆ."

ಮಾಮ ಕೋಲು ಕೈಬಿಟ್ಟು ನಕ್ಕ. ಭಾವ ನನ್ನ ಕಡೆ ಬಾಗಿ, "ಇವಳದ್ದೂ ಸಾಲಲ್ಲ. ಬೇರೆ ಯಾರನ್ನಾದ್ರೂ ನೋಡಬೇಕು" ಎಂದರು.

ನಾನು ಕೀಬೋರ್ಡು ಬಿಟ್ಟು ಎದ್ದೇಬಿಟ್ಟೆ. "ಇನ್ನೆಷ್ಟು ಗಂಟಲು ಬದಲಾಯಿಸ್ತೀರಿ ಭಾವ? ಇದೇನು ನಿಮ್ಮ ಕಟ್ಟುಹಲ್ಲಾ? ಒಂದು ಕೂರಲಿಲ್ಲ ಅಂತ ಕಿತ್ತು ಇನ್ನೊಂದು ಇಡೋಕೆ? ಇಬ್ಬರು ಹಾಡಿದ್ರೂ ಕೇಳ್ತಿಲ್ಲ ಅಂದ್ರೆ ತಪ್ಪು ಹಾಡೋರದ್ದಾ, ಮುಚ್ಚೋರದ್ದಾ?"

"ನನ್ನ ಗಿಟಾರು ನನಗೇ ಸರಿಯಾಗಿ ಕೇಳಲ್ಲ. ನಾನೇನು ಮುಚ್ಚಿದೆ?"

ಅಷ್ಟರಲ್ಲಿ ಅಕ್ಕ ಎದ್ದು ಬಂದಳು. "ಮಾಮ, ಆ ಸ್ಟೂಲ್ ಇಲ್ಲಿ ಕೊಡಿ." ಭಾವನ ಗಿಟಾರಿನ ಸ್ಪೀಕರ್ ಪೆಟ್ಟಿಗೆ ಯಾವಾಗಲೂ ಅವರ ಕಾಲ ಹಿಂದೆ, ನೆಲದ ಮೇಲೆ ಇರುತ್ತಿತ್ತು. ಅಕ್ಕ ಅದನ್ನು ಎತ್ತಿ ಸ್ಟೂಲಿನ ಮೇಲಿಟ್ಟು, ಮುಂಭಾಗದ ಅಡಿಗೆ ಒಂದು ಮರದ ತುಂಡು ಕೊಟ್ಟು, ಅದರ ಬಾಯಿ ನೇರ ಭಾವನ ತಲೆಯ ಕಡೆ ತಿರುಗುವಂತೆ ಮಾಡಿದಳು.

"ಈಗ ನುಡಿಸಿ."

ಭಾವ ಒಂದೇ ಸಲ ಮೀಟಿದರು. ಚೇಳು ಕುಟುಕಿದವರಂತೆ ಹಾರಿ, ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡರು. "ಅಯ್ಯಯ್ಯೋ! ಇಷ್ಟು ಜೋರಾಗಿ ಯಾರು ಇಟ್ಟಿದ್ದು?"

"ನೀವೇ," ಎಂದಳು ಅಕ್ಕ. "ನೆಲದ ಮೇಲಿಟ್ರೆ ನಿಮ್ಮ ಮೊಣಕಾಲಿಗೆ ಕೇಳುತ್ತೆ, ಮುಂದೆ ಕೂತೋರಿಗೆ ಕೇಳುತ್ತೆ. ನಿಮ್ಮ ಕಿವಿಗೆ ಕೇಳಲ್ಲ. ಕೇಳಲ್ಲ ಅಂತ ಏರಿಸ್ತೀರಿ. ನೀವು ಏರಿಸಿದ್ರಿ ಅಂತ ಮಾಮ ಚಚ್ಚುತ್ತಾರೆ. ಹಿಂದೆ ಕೂತು ನೋಡಿದಾಗಲೇ ನನಗೂ ಗೊತ್ತಾಗಿದ್ದು."

ಭಾವ ಗುಂಡಿ ಇಳಿಸಿದರು, ಮತ್ತೂ ಇಳಿಸಿದರು. ಮಾಮ ಹೊಡೆತ ಮೆದು ಮಾಡಿದ. ಹುಡುಗಿ ಹಾಡಿದಳು, ಒಂದೊಂದು ಅಕ್ಷರವೂ ಕೊನೆಯ ಕುರ್ಚಿಯವರೆಗೆ ಹೋಯಿತು. ಇಷ್ಟು ದಿನ ನಾವು ಸುಧಾರಿಸಲು ಹೊಸ ಹಾಡು ಕಲಿತೆವು, ಒಂದೇ ಬಣ್ಣದ ಅಂಗಿ ಹೊಲಿಸಿದೆವು, ಅಕ್ಕನನ್ನು ಓಡಿಸಿದೆವು. ಬೇಕಾಗಿದ್ದದ್ದು ಒಂದು ಸ್ಟೂಲು!

ಆ ಸಂಜೆ ಅಕ್ಕ ಪಾತ್ರೆ ತೊಳೆಯುವಾಗ ಭಾವ ಪಕ್ಕದಲ್ಲಿ ನಿಂತು ಮೆಲ್ಲಗೆ, "ನಾನು ಹಾಗೆ ಹೇಳಬಾರದಿತ್ತು" ಎಂದರಂತೆ. ಅಕ್ಕ, "ಅಡುಗೆಮನೆಗೆ ಇಷ್ಟು ಸಾಕು. ಆದ್ರೆ ನೀವು ಅಂದಿದ್ದು ಅಡುಗೆಮನೇಲಿ ಅಲ್ಲ" ಎಂದಳಂತೆ. ಹಾಡಲು ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಕಾರ್ಯಕ್ರಮದ ದಿನ ಅವಳು ಮತ್ತೆ ಆ ಕೊನೆಯ ಸಾಲಿನಲ್ಲೇ ಕೂತಳು. ಬ್ಯಾಂಕಿನವರು ಕುರ್ಚಿ ಜೋಡಿಸುತ್ತಿದ್ದರು. ಹುಡುಗಿ ಮೈಕು ಬಿಟ್ಟು ಪಕ್ಕಕ್ಕೆ ಸರಿದು, "ಆಂಟಿ ಬರದೆ ನಾನು ಹಾಡಲ್ಲ" ಎಂದು ಕೈಕಟ್ಟಿ ನಿಂತಳು. ಭಾವ ನನ್ನ ಮುಖ ನೋಡಿದರು. ನಾನು ಸಹಾಯ ಮಾಡಲಿಲ್ಲ. ಯಾಕೆ ಮಾಡಲಿ?

ಕೊನೆಗೆ ಅವರೇ ಮೈಕಿನ ಹತ್ತಿರ ಹೋದರು. "ನನ್ನ ಹೆಂಡತಿ ಗಂಟಲು..." ಎಂದು ಗೊಣಗಿದರು.

"ಇಲ್ಲಿಗೆ ಕೇಳಿಸ್ತಿಲ್ಲ!" ಅಕ್ಕ ಅಲ್ಲಿಂದಲೇ ಅಂದಳು. ಅವಳಿಗೆ ಮೈಕು ಬೇಕಾಗಲಿಲ್ಲ.

"ನನ್ನ ಹೆಂಡತಿ ಗಂಟಲು ಸರಿಯಾಗಿದೆ! ಜೋರಾಗಿದ್ದಿದ್ದು ನನ್ನ ಪೆಟ್ಟಿಗೆ! ತಪ್ಪು ನಂದು!"

ಕುರ್ಚಿ ಹೊತ್ತವರು ಹೊತ್ತ ಹಾಗೇ ನಿಂತರು. ಮಾಮ ಡ್ರಮ್ಮು ತಟ್ಟಿ ಅಣಕಿಸುವಂತೆ ಒಂದು ಸಲಾಮು ಹೊಡೆದ. ಅಕ್ಕ ನಿಧಾನವಾಗಿ ಎದ್ದು, ಸೆರಗು ಸರಿಮಾಡಿಕೊಂಡು, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು ಬಂದಳು. ಮೆಟ್ಟಿಲು ಹತ್ತಲು ಭಾವ ಚಾಚಿದ ಕೈಯನ್ನು ಹಿಡಿಯಲಿಲ್ಲ. ಹುಡುಗಿಯನ್ನು ಪಕ್ಕಕ್ಕೆ ಎಳೆದುಕೊಂಡು, "ಪಲ್ಲವಿ ನಾನು, ಚರಣ ನೀನು. ಹೆದರಬೇಡ" ಎಂದಳು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದು ಬೇರೆ ಮಾತು. ಅಕ್ಕ ಭಾವನ ಕಡೆ ತಿರುಗಿ, "ಶ್ರುತಿ ಕೊಡಿ. ಮೆತ್ತಗೆ" ಎಂದಳು. ಭಾವ ಮೆತ್ತಗೆ ಕೊಟ್ಟರು.