ಅಮಾತೆಪ್ಪನ ಒಳಗಿನ ತೋಳ

ಸರ್ವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಶಹಾಪುರದ ಕಾಲುವೆ ಆಫೀಸಿನ ಅಮಾತೆಪ್ಪ ಇಂದಿನಿಂದ ಚಹಾವನ್ನು ಬಸಿಗೆ ಸುರುವಿಕೊಂಡು ಕುಡಿಯುವುದಿಲ್ಲ. ತೋಳಗಳು ಕಪ್ಪು-ಬಸಿ ಬಳಸುವುದಿಲ್ಲ.

ಈ ಪ್ರಕಟಣೆ ಹೊರಬಿದ್ದದ್ದು ‘ಒಳಜೀವ ಬಳಗ’ದ ವಾಟ್ಸಾಪಿನಲ್ಲಿ. ಮೈ ಮನುಷ್ಯನದು, ಒಳಗಿನ ಜೀವ ಮಾತ್ರ ಬೇರೆ ಪ್ರಾಣಿಯದು ಎಂದು ನಂಬಿದ ಹನ್ನೊಂದು ಮಂದಿ ಅಲ್ಲಿದ್ದರು, ಯಾದಗಿರಿ, ಶಹಾಪುರ, ಸುರಪುರದವರು. ಮೂವತ್ತೆಂಟು ವರ್ಷ ಅಮಾತೆಪ್ಪ ತನ್ನ ಚರ್ಮವನ್ನು ಯಾರದೋ ಅಂಗಿಯಂತೆ ತೊಟ್ಟು ಓಡಾಡಿದ್ದ. ಅದನ್ನು ಹೇಳಿಕೊಂಡಾಗ ನಗದೆ, “ನನಗೂ ಹಂಗ ಅನಸ್ತದ” ಎಂದವರು ಇವರು ಮಾತ್ರ. ಹಾಗಾಗಿ ಬಳಗದವನೇ ಆದ ಸುರಪುರದ ಸಂಗಣ್ಣನ ಫೋನು ಬಂದಾಗ ಅವನು ಎದ್ದು ನಿಂತೇ ಎತ್ತಿದ. ಸಂಗಣ್ಣ ಹೊರಗೆ ಗೊಬ್ಬರದಂಗಡಿಯವನು, ಒಳಗೆ ಚಿರತೆ.

“ಏನಲೇ ಅಮಾತ್ಯಾ, ತೋಳ ಅಂತಿ, ಕೋಳಿ ಕೊಯ್ಯೋದು ಕಂಡ್ರ ಮಾರಿ ತಿರುವ್ತಿ! ಡುಪ್ಲಿಕೇಟ್ ತೋಳ ನಮಗ ಬ್ಯಾಡ. ಐತವಾರ ನನ್ನ ಮುಂದ ಒಂದು ಕುರಿಮರಿ ಬಾಯಿಲೆ ಹರದು ತೋರಸು. ಇಲ್ಲಾಂದ್ರ ಬಳಗದಿಂದ ಹೊರಗ.”

“ಹರೀತಿನಿ ತಗೋ,” ಎಂದ ಅಮಾತೆಪ್ಪ. ಹೊರಗೆ ಎಂಬ ಮಾತು ಅವನಿಗೆ ರಕ್ತಕ್ಕಿಂತ ಹೆಚ್ಚು ಭಯ ಹುಟ್ಟಿಸಿತ್ತು.

ಕಾಲುವೆಗೆ ನೀರು ಬಿಡುವ ಮೊದಲು ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ಕೂಡಿಸುವುದು ಇಲ್ಲಿಯ ರೂಢಿ. ವನದುರ್ಗದ ಹತ್ತಿರ ಕುರಿ ಕಾಯುವ ದುರಗಮ್ಮನ ಹಿಂಡು ಹಾಗೆ ಬೀಡು ಬಿಟ್ಟಿತ್ತು. ಭಾನುವಾರ ಬೆಳಗ್ಗೆ ಅವಳು ಎರಡು ನಾಯಿಗಳ ಜೊತೆ ದೊಡ್ಡ ಕುರಿಗಳನ್ನು ಮೇಯಲು ಹೊಡೆದುಕೊಂಡು ಹೋದದ್ದೇ ತಡ, ಅಮಾತೆಪ್ಪ, ಸಂಗಣ್ಣ ಇಬ್ಬರೂ ಬಲೆಯ ದೊಡ್ಡಿ ಹಾರಿ ಮರಿಗಳ ನಡುವೆ ಬಿದ್ದರು.

ಅಮಾತೆಪ್ಪ ಮಂಡಿಯೂರಿ ಒಂದು ಕರಿ ಮರಿಯ ಕೊರಳಿಗೆ ಬಾಯಿ ಇಟ್ಟ. ಬೆಚ್ಚಗಿತ್ತು. ಹಾಲಿನ ವಾಸನೆ. ಹಲ್ಲು ಊರಲೊಲ್ಲದು, ನಾಲಿಗೆ ತಾನಾಗಿ ಹೊರಬಂದು ಮರಿಯ ಕಿವಿ ನೆಕ್ಕಿತು.

“ಥೂ, ಮುದ್ದು ಮಾಡ್ತಿಯೇನಲೇ? ನೋಡು ಹಿಂಗ!” ಸಂಗಣ್ಣ ಇನ್ನೊಂದು ಮರಿಯ ಹಿಂಗಾಲು ಹಿಡಿದೆತ್ತಿ, ತೊಡೆ ಕಚ್ಚಿ ಜಗ್ಗಿದ. ಚರ್ಮ ಪರ್ರೆಂದು ಹರಿಯಿತು. ಮರಿ ಕಿರುಚಿತು.

ಆ ಕಿರುಚು ಅಮಾತೆಪ್ಪನ ಕಿವಿಗೆ ಹೋಗದೆ ನೇರ ದವಡೆಗೆ ಹೋಯಿತು. ಹಾರಿದ. ಸಂಗಣ್ಣನ ಬಲಗಿವಿ ಅವನ ಹಲ್ಲಿಗೆ ಸಿಕ್ಕಿತು. ಸಂಗಣ್ಣ ಅಮಾತೆಪ್ಪನ ಪಕ್ಕೆಗೆ ಒದ್ದ, ಎಲುಬೊಂದು ಲಟಕ್ಕೆಂದಿತು. ಬಿಡಲಿಲ್ಲ. ಸಂಗಣ್ಣ ದೊಡ್ಡಿಯ ಗೂಟ ಕಿತ್ತು ಅವನ ನೆತ್ತಿಗೆ ಬಾರಿಸಿದ, ರಕ್ತ ಕಣ್ಣಿಗಿಳಿಯಿತು. ಬಿಡಲಿಲ್ಲ. ಇಬ್ಬರೂ ಉರುಳಿ ಒಣ ಕಾಲುವೆಗೆ ಬಿದ್ದರು. ಕಲ್ಲಿಗೆ ಬಡಿದು ಸಂಗಣ್ಣನ ಮುಂಗೈ ಮುರಿಯಿತು, ಅರ್ಧ ಕಿವಿ ಅಮಾತೆಪ್ಪನ ಬಾಯಲ್ಲೇ ಉಳಿಯಿತು.

“ಬಿಡೋ ಯಪ್ಪಾ! ನಾ ಚಿರತಿ ಅಲ್ಲೋ, ಮನಷ್ಯಾ ಅದೀನಿ!”

ಅಮಾತೆಪ್ಪ ಕಿವಿ ಉಗುಳಿ ಗಂಟಲಿಗೆ ಬಾಯಿ ಹಾಕಿದ. ಅಷ್ಟರಲ್ಲಿ ಮರಿಯ ಕೂಗು ಕೇಳಿ ದುರಗಮ್ಮ ಓಡಿ ಬಂದಳು; ಸಂಗಣ್ಣನ ಹಲ್ಲಿಗೆ ಮರಿಯ ಉಣ್ಣೆ ಅಂಟಿದ್ದು ಕಂಡಳು.

“ಸಾಕು, ಬಿಡು ಅವನ್ನ! ಸಾಯ್ತಾನ!”

ಅಮಾತೆಪ್ಪ ತಟ್ಟನೆ ಬಿಟ್ಟ. ಬಂದು ಅವಳ ಕಾಲ ಹತ್ತಿರ ಕೂತು ತೇಕತೊಡಗಿದ.

“ನನ್ನ ಮರಿ ಉಳಿಸಿದಿ. ಭಾಳ ಶಾಣ್ಯಾ ಅದಿ,” ಎಂದು ಅವಳು ಅವನ ಒಡೆದ ತಲೆ ಸವರಿದಳು. ಹುಟ್ಟಿದ ಮೇಲೆ ಮೊದಲ ಸಲ ಆ ಚರ್ಮ ಅವನ ಮೈಗೆ ಸರಿಯಾಗಿ ಕೂತಿತು.

ಹನ್ನೆರಡು ಹೊಲಿಗೆ ಹಾಕಿಸಿಕೊಂಡು, ಆಸ್ಪತ್ರೆಯ ಮಂಚದಿಂದಲೇ ಬಳಗಕ್ಕೆ ಬರೆದ: “ಮಾಫ್ ಮಾಡ್ರಿ. ನಾ ತೋಳ ಅಂತ ತಪ್ಪು ತಿಳಕೊಂಡಿದ್ದೆ. ನಾ ಕುರಿ ಕಾಯೋ ನಾಯಿ.”

ಅರ್ಧ ಕಿವಿಗಿಂತ ದೊಡ್ಡ ಪುರಾವೆ ಬೇಕೆ? ಸಂಗಣ್ಣ ತಾನಾಗಿ ಗುಂಪು ಬಿಟ್ಟ. ಕುರಿಮರಿ ಕಚ್ಚಲು ಹೋಗಿದ್ದೆ ಎಂದು ಪೊಲೀಸರಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಉಳಿದವರೆಲ್ಲ ಸೇರಿ ವನದುರ್ಗದ ಕೋಟೆಯಲ್ಲಿ ಸಭೆ ಇಟ್ಟರು. ಅಮಾತೆಪ್ಪನೇ ಅಧ್ಯಕ್ಷ, ಮಾಲೆ ಹಾಕಲು ದುರಗಮ್ಮ.

ಅವಳು ಮಾಲೆ ಎತ್ತಿದ್ದಳು. ಅಷ್ಟರಲ್ಲಿ ಬಳಗದ ಕಾರ್ಯದರ್ಶಿ ಮಮ್ತಾಜ ಟೀಚರ್, ಒಳಗೆ ಗೂಬೆ, ಕನ್ನಡಕ ಏರಿಸಿದರು.

“ಒಂದು ನಿಮಿಷ ತಡೀರಿ. ಬಳಗಕ್ಕ ಸೇರುವಾಗ ತೋಳ ಅಂತ ಕೊಟ್ಟಿದ್ದ ಅರ್ಜಿ ರದ್ದಾತು ಅಮಾತೆಪ್ಪಣ್ಣ. ನಾಯಿ ಅಂತ ಹೊಸಾದು ಕೊಡಬೇಕ್ರಿ.”

“ಪೆನ್ನು ಕೊಡ್ರಿ, ಈಗ ಸಹಿ ಹಾಕ್ತೀನಿ,” ಎಂದು ಅಮಾತೆಪ್ಪ ಅವರ ಕೈಯ ಪೆನ್ನು ತೆಗೆದುಕೊಂಡ.

“ನಿಮ್ಮ ಸಹಿ ನಡಿಯಂಗಿಲ್ರಿ. ಸಾಕಿದ ಪ್ರಾಣಿಗೆ ಮಾಲಕರ ಸಹಿ ಬೇಕು, ನಿಯಮ ಅದ.”

ಎಲ್ಲರೂ ದುರಗಮ್ಮನ ಕಡೆ ನೋಡಿದರು. ಅಮಾತೆಪ್ಪನ ನೋಟವಂತೂ ಅವಳ ಕೈಮೇಲೇ ಇತ್ತು.

“ನಾ ಒಲ್ಲೆವ್ವ,” ಎಂದಳು ಅವಳು. “ನನ್ನವು ಎರಡು ಅದಾವ, ಅವಕ್ಕ ರೊಟ್ಟಿ ಸಾಲಂಗಿಲ್ಲ. ಸರಕಾರಿ ನೌಕರಿ ಇರೋ ನಾಯಿ ನಾ ಯಾಕ ಸಾಕಲಿ?”

ಮಮ್ತಾಜ ಟೀಚರ್ ನಿಯಮದ ಪುಸ್ತಕದ ಪುಟ ತಿರುಗಿಸಿದರು.

“ಹಂಗಾದ್ರ ಬೀದಿನಾಯಿ ಅಂತ ಬರಕೋಬೇಕು. ಅದಕ್ಕ ಮಾಲಕರು ಬ್ಯಾಡ್ರಿ. ನಗರಸಭೆಯವರು ಮಕ್ಕಳಾಗದಂಗ ಆಪರೇಷನ್ ಮಾಡಿದ್ದರ ಸರ್ಟಿಫಿಕೇಟ್ ಒಂದು ಹಚ್ಚಿದ್ರ ಸಾಕು.”

ಅಮಾತೆಪ್ಪ ಪೆನ್ನನ್ನು ಮೆಲ್ಲಗೆ ವಾಪಸು ಕೊಟ್ಟ.