ಕಿಟಕಿ ಕಡೆಯ ಕಂಪ್ಯೂಟರು

ನಾರಾಯಣಗೂಡದ ಆ ಮನೆಯ ಮುಂಗೋಣೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಗೋಡೆ ಕಡೆಯದು ನರಸಿಂಹರಾಯರದು, ಕಿಟಕಿ ಕಡೆಯದು ಅವರ ಹೆಂಡತಿ ಸುಂದರಾಬಾಯಿಯದು. ರಾಯರು ಟೈಪು ಮಾಡುವುದು, ಬಾಯಿಯವರು ತಪ್ಪು ತಿದ್ದುವುದು. ಲಗ್ನಪತ್ರಿಕೆ, ಕೋಚಿಂಗ್ ಸೆಂಟರಿನ ಪ್ರಶ್ನೆಪತ್ರಿಕೆ, ಆ ತೆಲುಗು ಊರಿನ ಕನ್ನಡ ಮನೆಗಳ ಹಾಡಿನ ಪುಸ್ತಕ, ಎಲ್ಲವೂ ಹೀಗೇ ಇಪ್ಪತ್ತೆರಡು ವರ್ಷ ನಡೆದುಬಂದಿತ್ತು. ಹಾಡುಗಳನ್ನು ಬಾಯಿಯವರು ಕಣ್ಣಿನಿಂದ ತಿದ್ದುತ್ತಿರಲಿಲ್ಲ, ಗುನುಗಿ ತಿದ್ದುತ್ತಿದ್ದರು. ಧಾಟಿ ಎಲ್ಲಿ ಎಡವಿತೋ ಅಲ್ಲಿ ತಪ್ಪು ಇದ್ದೇ ಇರುತ್ತಿತ್ತು.

ಮಗಳು ಪ್ರಾಜಕ್ತಾ ಕೊಂಡಾಪುರದ ಆಫೀಸಿನಿಂದ ಮನೆಗೆ ಬಂದಾಗಲೆಲ್ಲ ಅದೇ ಮಾತು ತೆಗೆಯುತ್ತಿದ್ದಳು.

"ಅಪ್ಪಾ, ಒಂದ ಫೈಲು ಎರಡು ಕಡೆ ಯಾಕ? ತಿದ್ದಿದ್ದು ಯಾವುದು, ತಿದ್ದಲಾರದ್ದು ಯಾವುದು, ಗೊತ್ತಾಗೂದಿಲ್ಲ. ಒಂದು ಮಷಿನ್ ತಗದುಬಿಡ್ರಿ, ಕೆಲಸ ಹಗುರ ಆಗತದ."

"ಮೊದಲ ನಿನ್ನ ಕೈಯಾಗಿನ ಎರಡು ಫೋನಿನಾಗ ಒಂದು ಒಗದು ಬಾ," ಎಂದು ಬಾಯಿಯವರು ಕಿಟಕಿ ಕಡೆಯಿಂದಲೇ ಜವಾಬು ಕೊಡುತ್ತಿದ್ದರು. "ಆಮ್ಯಾಲೆ ನನ್ನ ಮಷಿನ್ನಿನ ತಂಟಿಗೆ ಬರೂವಂತಿ."

ರಾಯರು ನಗುತ್ತಿದ್ದರು. ಹೇಳದ್ದೊಂದು ಅವರ ಹೊಟ್ಟೆಯಲ್ಲೇ ಇತ್ತು. ಒಂದು ವರ್ಷದಿಂದ ಬಾಯಿಯವರು ಮುಂಜಾನೆ ತಿದ್ದಿದ ಪುಟವನ್ನೇ ಮಧ್ಯಾಹ್ನ ಮತ್ತೆ ತಿದ್ದುತ್ತಿದ್ದರು. ಅವರು ಮಲಗಿದ ಹೊತ್ತಿನಲ್ಲಿ ರಾಯರು ಎಲ್ಲವನ್ನೂ ಇನ್ನೊಮ್ಮೆ ನೋಡುತ್ತಿದ್ದರು. ಹಾಡಿನ ಪುಸ್ತಕ ಮಾತ್ರ ನೋಡುತ್ತಿರಲಿಲ್ಲ. ಹಾಡಿನಲ್ಲಿ ಸುಂದರಾ ತಪ್ಪುವುದುಂಟೇ?

ಆ ನಂಬಿಕೆಗೇ ಪೆಟ್ಟು ಬಿತ್ತು. ತಾರ್ನಾಕದ ಗುರುರಾಜ ತನ್ನ ತಾಯಿಯ ವರ್ಷದ ಕಾರ್ಯಕ್ಕೆಂದು ಆಕೆ ಹಾಡುತ್ತಿದ್ದ ಹಾಡುಗಳ ಇನ್ನೂರು ಪ್ರತಿ ಮಾಡಿಸಿದ್ದ. ಒಯ್ದ ಮರುದಿನವೇ ಕಟ್ಟುಗಳನ್ನು ಆಟೋದಲ್ಲಿ ಹಾಕಿಕೊಂಡು ತಿರುಗಿ ಬಂದ. ದನಿ ಏರಿಸಲಿಲ್ಲ, ಚಿಕ್ಕಮ್ಮನನ್ನು ಕರೆಯುವಂತೆ ಬಾಯಿಯವರನ್ನು ಕರೆದ.

"ಕಾಕು, ದೀಪದ ಹಾಡಿನಾಗ ಅವ್ವನ ಸಾಲು ಇಲ್ಲಲ್ರಿ."

ಗುರುರಾಜನ ಅಕ್ಕ ನಾಲ್ಕು ವರ್ಷದವಳಿದ್ದಾಗ ಮಳೆಯಲ್ಲಿ ಆಡಲು ಹೋಗಿ ನೀರುಪಾಲಾಗಿದ್ದಳು. ಅಂದಿನಿಂದ ಆ ತಾಯಿ ಸಂಜೆಯ ದೀಪದ ಹಾಡಿಗೆ ತನ್ನದೊಂದು ಸಾಲು ಸೇರಿಸಿ, ಸಾಯುವತನಕ ಹಾಡಿದ್ದಳು. *ಮಳೆಯೊಳಗೆ ಆಡಹೋದ ಮಗುವಿಗೂ ಹಾದಿ ತೋರು.* ಧಾಟಿಗೆ ಅದು ಕೂಡುತ್ತಿರಲಿಲ್ಲ, ತುಸು ಉದ್ದವಾಗಿತ್ತು. ಗುರುರಾಜ ಇದನ್ನೆಲ್ಲ ಇದೇ ಕೋಣೆಯಲ್ಲಿ ಕೂತು ಹೇಳಿದಾಗ ಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. "ಈ ಸಾಲಿಗೆ ಯಾರೂ ಕೈ ಹಚ್ಚಬಾರದು," ಎಂದು ತಾವೇ ಅಂದಿದ್ದರು.

ರಾಯರು ತಮ್ಮ ಕಂಪ್ಯೂಟರು ತೆರೆದು ನೋಡಿದರು. ಸಾಲು ಇತ್ತು. ಕಿಟಕಿ ಕಡೆಯದರಲ್ಲಿ ಇರಲಿಲ್ಲ. ಮುದ್ರಣಕ್ಕೆ ಹೋದದ್ದು ಅದೇ.

"ನಾ ಹಂಗ ಅಳಸ್ತೀನೇನು?" ಎಂದರು ಬಾಯಿಯವರು. ಗುರುರಾಜನ ಕಡೆ ತಿರುಗಿದರು. "ಯಪ್ಪಾ, ನಾನೇ ಎಲ್ಲಾ ಪ್ರತಿಗೂ ಆ ಸಾಲು ಕೈಲೆ ಬರದುಕೊಡ್ತೀನಿ. ಕಾರ್ಯಕ್ಕ ಇನ್ನೂ ವಾರ ಅದ ಅಲ್ಲೇನು?"

"ಅಷ್ಟು ಮಾಡ್ರಿ ಕಾಕು. ನಿಮ್ಮ ಅಕ್ಷರ ಛಂದ ಅವ," ಎಂದ ಗುರುರಾಜ. ಆ ಒಳ್ಳೆಯತನವನ್ನು ತಡೆದುಕೊಳ್ಳುವುದು ರಾಯರಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಮೊದಲ ದಿನ ಬಾಯಿಯವರು ಐವತ್ತು ಪ್ರತಿಗಳಲ್ಲಿ ಸಾಲು ಬರೆದರು. ಎರಡನೆಯ ದಿನ ಪೆನ್ನು ಹಿಡಿದವರೇ ಕೇಳಿದರು, "ಇದು ಯಾರ ಸಾಲ್ರಿ?"

ರಾಯರು ಹೇಳಿದರು. ಮಳೆ, ಕೂಸು, ತಾಯಿ. ಬಾಯಿಯವರು ಹೊಸದಾಗಿ ಕೇಳಿದವರಂತೆ ಅತ್ತರು. ಮೂರನೆಯ ದಿನವೂ ಕೇಳಿದರು, ಮೂರನೆಯ ದಿನವೂ ಅತ್ತರು. ನಾಲ್ಕನೆಯ ದಿನ ರಾಯರಿಗೆ ಕೂಸನ್ನು ಮತ್ತೊಮ್ಮೆ ನೀರಿಗೆ ಕಳಿಸುವ ಧೈರ್ಯವಾಗಲಿಲ್ಲ. "ಅವರ ತಾಯಿ ಹಾಡ್ತಿದ್ರು," ಎಂದಷ್ಟೇ ಹೇಳಿದರು.

ಅಂದು ಇಳಿಹೊತ್ತಿಗೆ ಇನ್ನೂರೂ ಮುಗಿದವು. ಬಾಯಿಯವರು ಕೊನೆಯ ಪ್ರತಿಯನ್ನು ಕೈಯಲ್ಲಿ ಹಿಡಿದು, ರೂಢಿಯಂತೆ ಗುನುಗತೊಡಗಿದರು. ದನಿ ಎಂದಿನಂತೆ ತಿಳಿಯಾಗಿತ್ತು, ಒಂದು ಅಕ್ಷರವೂ ಅತ್ತಿತ್ತ ಆಗಲಿಲ್ಲ. ಒಂಬತ್ತನೆಯ ಪುಟದಲ್ಲಿ ಧಾಟಿ ಎಡವಿತು. ಅವರು ತಡೆದರು, ಹುಬ್ಬು ಗಂಟಿಕ್ಕಿದರು, ಪೆನ್ನು ತೆಗೆದು ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು.

"ಯಾರೋ ನಡುವ ಸೇರಿಸ್ಯಾರ ನೋಡ್ರಿ," ಎಂದರು. "ಅಕ್ಷರ ನನ್ನಂಗ ಅವ."

ರಾಯರು ಆ ಪ್ರತಿಯನ್ನು ಮೆಲ್ಲಗೆ ಇಸಿದುಕೊಂಡು ತಮ್ಮ ಮೇಜಿನ ಖಾನೆಯಲ್ಲಿಟ್ಟರು. ಗುರುರಾಜನಿಗೆ ನೂರಾ ತೊಂಬತ್ತೊಂಬತ್ತೇ ಹೋದವು.

ಮರುದಿನ ಬಾಯಿಯವರು ದೇವರ ಪೂಜೆಗೆ ಕೂತಾಗ ರಾಯರು ಕಿಟಕಿ ಕಡೆಯ ಕಂಪ್ಯೂಟರಿನ ವಯರುಗಳನ್ನು ಒಂದೊಂದಾಗಿ ಕಿತ್ತು, ಸುತ್ತಿ, ಎಲ್ಲವನ್ನೂ ಅಟ್ಟದ ಮೇಲಿಟ್ಟರು. ಪೂಜೆ ಮುಗಿಸಿ ಬಂದ ಬಾಯಿಯವರು ಖಾಲಿ ಮೇಜನ್ನು ನೋಡಿದರು.

"ತಗದ್ರೇನು?"

"ಹೌದು. ಪ್ರಾಜಕ್ತಾ ಹೇಳಿದ್ದು ಖರೆ ಅದ. ಒಂದ ಸಾಕು. ಕೆಲಸ ಹಗುರ ಆಗತದ."

ಬಾಯಿಯವರು ಗಂಡನ ಮುಖ ನೋಡಿದರು. "ಸುಳ್ಳು ಹೇಳೂದು ನಿಮಗ ಎಂದೂ ಬರಲಿಲ್ಲ," ಎಂದರು. ಆಮೇಲೆ ಸೆರಗಿನಿಂದ ಮೇಜಿನ ಧೂಳು ಒರೆಸಿದರು. "ಛಲೋ ಮಾಡಿದ್ರಿ. ನಾನೂ ಹೇಳಬೇಕಂತ ಮಾಡಿದ್ದೆ. ಏನ ಹೇಳೂದಿತ್ತು ಅನ್ನೂದ ಮರತುಬಿಡ್ತಿದ್ದೆ."

ಮಧ್ಯಾಹ್ನ ರಾಯರು ಯಾರದೋ ಲಗ್ನಪತ್ರಿಕೆ ಟೈಪು ಮಾಡಿ ಮುಗಿಸಿದರು. ಇಪ್ಪತ್ತೆರಡು ವರ್ಷದ ರೂಢಿ, ನಾಲಿಗೆ ತಾನಾಗಿಯೇ ಆಡಿತು. "ಸುಂದರಾ, ಕಳಿಸೀನಿ ನೋಡು."

"ಹೂಂ, ನೋಡ್ತೀನಿ ತಡೀರಿ," ಎಂದರು ಬಾಯಿಯವರು, ಖಾಲಿ ಮೇಜಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತ.