ಹಸಿರು ಕಾಗದದ ಪೆಪ್ಪರಮೆಂಟು

ಮತ್ತೆ ಒರೆಸುತ್ತಿದ್ದಾನೆ, ಮುಂದಿನ ಸೀಟಿನ ಬೆನ್ನಿಗಿರುವ ಆ ಮಡಿಚುವ ಹಲಗೆಯನ್ನು, ಮೂರನೇ ಸಲ, ಔಷಧದ ವಾಸನೆಯ ಒದ್ದೆ ಕಾಗದದಿಂದ, ಮೂಲೆ ಮೂಲೆಗೂ ಬೆರಳು ಹಾಕಿ — ನನ್ನ ಗಂಡ ಅಮರ, ಮನೆಯಲ್ಲಿ ಉಂಡ ತಾಟು ಎತ್ತಿಡದ ಮನುಷ್ಯ, ವಿಮಾನ ಹತ್ತಿದ ಮೇಲೆ ಎಷ್ಟು ಚೊಕ್ಕ ನೋಡು. ದಾರಿಯ ಆಚೆ ಅವನು, ಈಚೆ ತುದಿಗೆ ಮಗಳು ಸಾಕ್ಷಿ, ನಡುವೆ ನಾನು, ಕಿಟಕಿಗೆ ಅತ್ತೆ ಗೌರವ್ವ. ನಾಲ್ಕೂ ಮುಖಕ್ಕೆ ಮಾಸ್ಕು, ನಾಲ್ವರ ಕಾಲಿಗೂ ಬಿಗಿ ಕಾಲುಚೀಲ, ರಕ್ತ ಹೆಪ್ಪುಗಟ್ಟಬಾರದಂತೆ. ಪಟ್ಟಿ ಬರೆದು ತಂದಿದ್ದಾನೆ, ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಸಾಲಾಗಿ ಕೂಡಿಸಿ ಓದಿದ, ತಾಸಿಗೊಮ್ಮೆ ನೀರ ಕುಡೀಬೇಕು, ಪಾದ ಆಡಸಬೇಕು, ಕಿವಿ ಕಟ್ಟಿದ್ರ ಪೆಪ್ಪರಮೆಂಟ ಚೀಪಬೇಕು — ಒಬ್ಬೊಬ್ಬರ ಕೈಗೂ ಒಂದೊಂದು, ಹಸಿರು ಕಾಗದದ್ದು. ಸಾಕ್ಷಿ ಅಲ್ಲೇ ಬಾಯಿಗೆ ಹಾಕಿಕೊಂಡಳು, ನಾನೂ ಹಾಕಿಕೊಂಡೆ, ಅತ್ತೆ ಮಾತ್ರ ಮುಷ್ಟಿಯಲ್ಲಿ ಹಿಡಿದು ಕೂತಳು, ಪೂಜಿ ಆಗದ ನಾ ಏನೂ ಬಾಯಿಗಿಡಂಗಿಲ್ಲಪಾ, ಗೊತ್ತಿಲ್ಲೇನ ನಿನಗ. ಲಿಂಗ ಕೊರಳಲ್ಲೇ ಇದೆ, ಬೆಳ್ಳಿಯ ಕರಡಿಗೆಯೊಳಗೆ. ಇಲ್ಲದ್ದು ವಿಭೂತಿ, ಪೂಜೆಯ ಚೀಲ. ಅದು ದೊಡ್ಡ ಸೂಟ್‌ಕೇಸಿನಲ್ಲಿ, ನಮ್ಮ ಕಾಲ ಕೆಳಗೆ, ವಿಮಾನದ ಹೊಟ್ಟೆಯಲ್ಲಿ. ಅಲ್ಲಿಗೆ ಹಾಕಿದವಳು ನಾನು, ಮರೆತು ಹಾಕಿದೆ ಎಂದು ಅಮರನಿಗೆ ಹೇಳಿದೆ.

ಮರೆತಿರಲಿಲ್ಲ. ಖಾನಾಪುರದಿಂದ ಬೆಳಿಗ್ಗೆ ಐದಕ್ಕೇ ಹೊರಟಾಗ ಅತ್ತೆಯ ಜಳಕ ಆಗಿತ್ತು, ಗಾಡಿ ಬಂದು ಹಾರ್ನು ಹೊಡೆಯುತ್ತಿತ್ತು, ಅವಸರದ ಪೂಜಿ ಪೂಜಿ ಅಲ್ಲ, ಸಾಂಬ್ರಾದಾಗ ಕುಂತು ಮಾಡ್ತೀನಿ, ಚೀಲ ಕೈಯಾಗ ಇಟಗೊ ನಾಗರತ್ನಾ — ಇಟ್ಟುಕೊಳ್ಳಲಿಲ್ಲ. ಸಾಯಲಿ ಅಂತಲ್ಲ, ಅರ್ಧ ದಿನ ಬಾಯಿ ಒಣಗಲಿ ಅಂತ. ಹದಿಮೂರು ವರ್ಷದ ಹಿಂದೆ ನನ್ನದು ಒಣಗಿತ್ತಲ್ಲ, ಸಾಕ್ಷಿಯನ್ನು ಹೆತ್ತು ಅತ್ತೆಯ ಮನೆಯಲ್ಲೇ ಮಲಗಿದ್ದೆ, ತವರಲ್ಲಿ ಅವ್ವ ಇಲ್ಲದವಳು, ದಿನಕ್ಕೆ ಎರಡೇ ಲೋಟ ನೀರು, ಬಾಣಂತಿ ನೀರ ಕುಡದ್ರ ಹೊಟ್ಟಿ ಬರ್ತೈತಿ, ಕೂಸಿಗೆ ಥಂಡಿ ಆಗ್ತೈತಿ. ಆಷಾಢ, ಹೊರಗೆ ಸೂರಿನಿಂದ ನೀರು ಸುರಿಯುತ್ತಿದೆ, ಒಳಗೆ ನಾಲಿಗೆ ಅಂಗುಳಕ್ಕೆ ಅಂಟುತ್ತಿದೆ, ಕೂಸಿನ ಮೈ ಒರೆಸಿದ ಒದ್ದೆ ಟಾವೆಲ್ಲಿನ ತುದಿ ಚೀಪುತ್ತಿದ್ದೇನೆ, ಬಾಗಿಲಲ್ಲಿ ಅವಳು. ಆಚೆ ಮನೆಯ ಚಂದ್ರವ್ವನಿಗೆ ಹೇಳಿ ನಕ್ಕಳು, ನಮ್ಮ ಸೊಸಿ ಅರಬಿ ತಿಂತಾಳವ್ವ, ಬಟ್ಟಿ ತಿಂತಾಳ. ಎದೆಹಾಲು ಬತ್ತಿತು, ಅದೂ ನನ್ನದೇ ತಪ್ಪಾಯಿತು. ಹೋಗಲಿ, ಹಳೆಯ ಕಾಲ ಎಂದು ನುಂಗಿದ್ದೆ. ಮೊನ್ನೆ ದಿಲ್ಲಿಯಲ್ಲಿ ಅವಳ ಮಗಳು ಸುಮಿತ ಹೆತ್ತಳು, ಅವಳ ಬಾಣಂತನಕ್ಕೇ ಈಗ ಹೊರಟಿದ್ದು, ಫೋನಿನಲ್ಲಿ ಎಷ್ಟು ಮೆತ್ತಗಿನ ದನಿ, ನೀರ ಭಾಳ ಕುಡಿ ಮಗಳ, ಡಾಕ್ಟರು ಹೇಳೂದ ಖರೇ, ಹಳೀ ಮಂದಿಗೆ ಏನ ತಿಳೀತೈತಿ. ಹೆಂಚಿನ ಮೇಲಿನ ರೊಟ್ಟಿ ಹೊತ್ತುವವರೆಗೂ ನಿಂತಿದ್ದೆ ನಾನು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಆದರೆ ಇನ್ಸುಲಿನ್ ಸೂಜಿ, ಅದನ್ನು ಯಾಕೆ ಚುಚ್ಚಿದೆ. ಏಳು ಗಂಟೆಗೆ ಸಾಂಬ್ರಾದ ಹೆಂಗಸರ ಬಚ್ಚಲಲ್ಲಿ ಅತ್ತೆ ಸೆರಗು ಸರಿಸಿ ಹೊಟ್ಟೆ ಕೊಟ್ಟಳು, ಸೂಜಿ ಏನ ಬಾಯಾಗಿಂದ ಹೋಗೂದಿಲ್ಲಲ್ಲ, ಚುಚ್ಚು, ಈಗ ಪೂಜಿ ಮಾಡಿ ರೊಟ್ಟಿ ತಿಂತೀನಿ. ಚೀಲ ಕೆಳಗೆ ಹೋಗಿದೆ ಎಂಬ ಮಾತು ನಾಲಿಗೆಯ ಮೇಲಿತ್ತು. ಹದಿನೆಂಟು ಯೂನಿಟ್ಟು ಒಳಗೆ ಹೋಗುವವರೆಗೂ ಅದು ಅಲ್ಲೇ ಇತ್ತು. ಡಾಕ್ಟರು ಚನ್ನಬಸಯ್ಯ ಹತ್ತು ಸಲ ಹೇಳಿದ್ದಾರೆ, ಸೂಜಿ ಆದ ಅರ್ಧ ತಾಸಿನಾಗ ಉಣಸಬೇಕ್ರಿ, ಇಲ್ಲಂದ್ರ ಸಕ್ಕರಿ ಇಳೀತೈತಿ, ಬೆವರತಾರ, ನಡಗತಾರ, ಮಾತು ತೊದಲತೈತಿ, ಆಗ ಮದಲ ಬಾಯಿಗೆ ಏನಾರ ಸೀ ಹಾಕ್ರಿ, ತಡಾ ಮಾಡಿದ್ರ ಜೀವಕ್ಕ ಕುತ್ತು. ಅಮರನ ಪಟ್ಟಿಯಲ್ಲಿ ಸೂಜಿ ಇಲ್ಲ, ಸೂಜಿ ನನ್ನ ಕೆಲಸ, ಹನ್ನೊಂದು ವರ್ಷದಿಂದ ಅವನಿಗೆ ಅದರ ಹೊತ್ತು ಗೊತ್ತಿಲ್ಲ. ಚೀಲ ಕೆಳಗೆ ಹೋಗಿದೆ ಎಂದು ತಿಳಿದಾಗ ಏನಾರ ತಿನ್ನವ್ವ ಎಂದ, ದಿಲ್ಯಾಗ ಪೂಜಿ ಮಾಡಿ ತಿಂತೀನಿ, ಎರಡೂವರಿ ತಾಸಿಗೆ ಸಾಯೂದಿಲ್ಲ ಎಂದಳು. ಈಗ ಅವನು ಕಿವಿಗೆ ಹತ್ತಿ ತುರುಕಿ, ಕಣ್ಣಿಗೆ ಪಟ್ಟಿ ಕಟ್ಟಿ, ಆರೋಗ್ಯವಾಗಿ ನಿದ್ದೆ ಮಾಡುತ್ತಿದ್ದಾನೆ.

ವಿಭೂತಿ ಇಲ್ಲದ ಅತ್ತೆಯ ಹಣೆ ಎಷ್ಟು ಸಣ್ಣದು. ಅದರ ಮೇಲೆ ಬೆವರು, ಒಂದು ಹನಿ, ಇನ್ನೊಂದು, ಇಷ್ಟು ಥಂಡಿಯಲ್ಲಿ. ನಾಗರತ್ನಾ, ಮೈ ಹೆಂಗೋ ಆಗೇತಿ. ವಿಮಾನದಾಗ ಮದಲನೇ ಸಲ ಹಂಗಾ ಆಗ್ತೈತ್ರಿ, ಕಣ್ಣ ಮುಚ್ಚರಿ ಅಂದೆ. ಮಾಸ್ಕು ಇಳಿಸಿ ಬಾಟಲಿ ಎತ್ತಿ ಕುಡಿದೆ, ಅವಸರವಿಲ್ಲದೆ, ಅವಳಿಗೆ ಕಾಣುವ ಹಾಗೆ, ಗುಟುಕು ಗುಟುಕಾಗಿ, ಅವಳ ಕಣ್ಣು ಬಾಟಲಿಯ ಮೇಲೆ. ಒಂದ... ಒಂದ ಗುಟುಕ ಕೊಡ... ಎಪ್ಪತ್ತೆರಡರ ವಯಸ್ಸಿನಲ್ಲಿ, ಜೀವಮಾನದ ನೇಮ ಮುರಿದು ಕೇಳುತ್ತಿದ್ದಾಳೆ, ನನ್ನನ್ನು. ಪೂಜಿ ಆಗಿಲ್ಲಲ್ರಿ ಅತ್ತಿ ಅಂದೆ. ಎಷ್ಟು ಸಿಹಿಯಾಗಿತ್ತು ಆ ಮಾತು, ಸಾಂಬ್ರಾದಲ್ಲಿ ಚೀಪಿದ ಪೆಪ್ಪರಮೆಂಟಿಗಿಂತ. ಮುಷ್ಟಿ ನಡುಗುತ್ತಿದೆ, ಸಡಿಲಾಗುತ್ತಿದೆ, ಜಾರಿ ನನ್ನ ಮಡಿಲಿಗೆ ಬಿತ್ತು, ಹಸಿರು ಕಾಗದದ್ದು, ಬೆಚ್ಚಗಿದೆ. ಹಿಡಿದುಕೊಂಡೆ. ಬಿಚ್ಚಬೇಕು, ಈಗ ಬಿಚ್ಚುತ್ತೇನೆ, ಅಷ್ಟರಲ್ಲಿ ಸಾಕ್ಷಿ, ಅವ್ವಾ, ಅಜ್ಜಿ ಯಾಕ ಹಂಗ ವಾಲ್ಯಾಳ — ನಿದ್ದಿ ಹತ್ತೈತಿ ಅಂದೆ. ಪೆಪ್ಪರಮೆಂಟ ತಿಂದ್ಲೇನ, ಈಗ ಇಳಿಯೂ ಮುಂದ ಕಿವಿ ಕಟ್ತಾವಂತ — ತಿಂದ್ಲು. ಹೇಳಿಬಿಟ್ಟೆ, ತಿಂದಳು ಎಂದು ಹೇಳಿಬಿಟ್ಟೆ, ಇನ್ನು ಮುಷ್ಟಿ ಬಿಚ್ಚಿದರೆ ಸಾಕ್ಷಿಗೆ ಕಾಣುತ್ತದೆ, ನನ್ನನ್ನೇ ನೋಡುತ್ತಿದ್ದಾಳೆ, ಹುಡುಗಿ ನೀರು ಬೇಕಾದಾಗಲೆಲ್ಲ ಕುಡಿದು ಬೆಳೆದವಳು, ಅವಳು ಆಚೆ ತಿರುಗಲಿ, ತಿರುಗಿದ ಕೂಡಲೇ, ಅತ್ತೆಯ ಗಲ್ಲ ಕರಡಿಗೆಯ ಮೇಲೆ ಬಿದ್ದಿದೆ, ಮಾಸ್ಕಿನೊಳಗೆ ತುಟಿ ಆಡುತ್ತಿಲ್ಲ, ಕಾಗದ ಅಂಗೈಗೆ ಅಂಟಿದೆ, ಅವಳ ಬೆವರೋ, ನನ್ನದೋ, ಬಿಚ್ಚು ನಾಗರತ್ನಾ, ಬಿಚ್ಚು — ಮುಷ್ಟಿ, ಮುಷ್ಟಿಯೊಳಗೆ ಹಸಿರು ಕಾಗದ, ಇನ್ನೂ ಹರಿದಿಲ್ಲ.